ಹದಿನೈದು ತುಂಬಿದ ಆಲ್ಟೊ ಹೋದ ಮೇಲೆ ಯಾವ ಗಾಡಿ? ದಾವಣಗೆರೆಯಲ್ಲಿ ಕೂತು ಹಾಕಿದ ಲೆಕ್ಕ

ನಮ್ಮ ಕಡೆ ಲಕ್ಷ, ಒಂದೂವರೆ ಲಕ್ಷಕ್ಕೆ ತಂದ ಸೆಕೆಂಡ್ ಹ್ಯಾಂಡ್ ಆಲ್ಟೊಗೆ ಸಿಗುವ ಸಲುಗೆ ಹೊಸ ಕಾರಿಗೆ ಸಿಗೋದಿಲ್ಲ. ಮಂಡಿಪೇಟೆ ಸಂದಿಯಲ್ಲಿ ತಳ್ಳುಗಾಡಿ ಉಜ್ಜಿಕೊಂಡು ಹೋದರೆ ಇಳಿದು ನೋಡೋರಿಲ್ಲ. ಹಿಂದಿನ ಸೀಟು ಮಡಚಿ ಮೆಕ್ಕೆಜೋಳದ ಚೀಲ ಹಾಕಿದರೆ ಬೈಯೋರಿಲ್ಲ. ಡ್ರೈವಿಂಗ್ ಕಲಿಯೋ ಮಗನಿಗೆ ಕೀ ಕೊಡೋಕೆ ಅಪ್ಪ ಎರಡು ಸಲ ಯೋಚನೆ ಮಾಡಲ್ಲ. ಹಾಗಾಗಿಯೇ ಅದನ್ನು ಕೊಡೋ ಹೊತ್ತು ಬಂದಾಗ ಜನ ಎರಡರಲ್ಲೊಂದು ಮಾಡ್ತಾರೆ. ಸಲುಗೆ ಬಿಡಲಾರದೆ ಅಂಥದ್ದೇ ಇನ್ನೊಂದು ಹಳೆ ಗಾಡಿ ತರ್ತಾರೆ, ಇಲ್ಲವೇ ಗ್ಯಾರೇಜಿಗೆ ಅಲೆದು ಬೇಸತ್ತು ಸೀದಾ ಷೋರೂಂಗೆ ಹೋಗಿ ಏಳು ವರ್ಷದ ಸಾಲಕ್ಕೆ ಸಹಿ ಹಾಕ್ತಾರೆ. ಇವೆರಡರ ನಡುವೆ ಇನ್ನೂ ದಾರಿಗಳಿವೆ.

ಬೆಲೆ ಕೇಳೋಕೆ ಮುಂಚೆ ಎರಡು ವಿಷಯ ಮನೆಯಲ್ಲೇ ತೀರ್ಮಾನ ಆಗಬೇಕು: ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೆ, ಅದರಲ್ಲಿ ಹೈವೇ ಎಷ್ಟು. ವಿದ್ಯಾನಗರದಿಂದ ಮಾರ್ಕೆಟ್ಟು, ಸ್ಕೂಲು, ವಾರಕ್ಕೊಮ್ಮೆ ಹರಿಹರ, ಇಷ್ಟೇ ಆದರೆ ಒಂದು ಲೆಕ್ಕ. ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗಿ ಬರೋರಿಗೆ, ಹೋಗೋಕೇ 260 ಕಿ.ಮೀ. ಆಗುತ್ತೆ, ಬೇರೆಯೇ ಲೆಕ್ಕ. ಈ ಎರಡಕ್ಕೂ ಒಂದೇ ಉತ್ತರ ಕೊಡೋ ಬ್ರೋಕರ್ ಸಿಕ್ಕರೆ ಅವನ ಹತ್ತಿರ ಆ ಒಂದೇ ಗಾಡಿ ಇದೆ ಅಂತ ಅರ್ಥ.

ಕೊಡಲೇಬೇಕಾ?

ಸ್ವಂತ ಬಳಕೆಯ ಕಾರಿನ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಮೊದಲು ಇದಕ್ಕೆ ಸರ್ಕಾರಿ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಜೊತೆಗೆ ಹಸಿರು ತೆರಿಗೆ, ಆರ್‌ಟಿಒ ಆವರಣದಲ್ಲಿ ತಪಾಸಣೆ, ಅದಕ್ಕೆ ಮುಂಚೆ ಮಾಡಿಸಬೇಕಾದ ಲೈಟು, ಬ್ರೇಕು, ಟಿಂಕರಿಂಗ್. ಏಜೆಂಟ್ ಹಿಡಿದರೆ ಅವನದ್ದೂ ಸೇರುತ್ತೆ.

ಇದನ್ನೆಲ್ಲ ಕೂಡಿಸಿದರೂ ಒಂದು ಇ.ಎಂ.ಐ. ಎರಡು ಇ.ಎಂ.ಐ. ಮೊತ್ತ ದಾಟೋದು ಕಷ್ಟ. ಅದಕ್ಕೇ ಹೇಳೋದು, ಬಾಡಿ ಗಟ್ಟಿ ಇದ್ದು, ಎಂಜಿನ್ ಆಯಿಲ್ ಕುಡಿಯದೆ, ಗಾಡಿ ಊರೊಳಗೇ ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡುತ್ತಿದ್ದರೆ ನವೀಕರಣ ಮಾಡಿಸಿ ಇಟ್ಕೊಳ್ಳಿ. 1000 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟ ತುಂಬಿಕೊಡೋ ಕಡ್ಡಾಯ ವಿಮೆ, ವರ್ಷಕ್ಕೆ 2,094 ರೂಪಾಯಿ, ಮೇಲೆ ಜಿಎಸ್‌ಟಿ. 796 ಸಿಸಿ ಆಲ್ಟೊ ಬಿಡಿಭಾಗ ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ಪೆಟ್ರೋಲಿನಲ್ಲಿ ಈಗ ಶೇ 20 ಎಥನಾಲ್ ಇರೋದರಿಂದ ಹಳೆ ರಬ್ಬರ್ ಹೋಸ್‌ಗಳನ್ನು ಒಮ್ಮೆ ನೋಡಿಸಿ. ಬಿರುಕು ಕಂಡರೆ ಬದಲಿಸೋದು ದೊಡ್ಡ ಖರ್ಚಲ್ಲ.

ಆದರೆ ಅದೇ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 48 ಹತ್ತೋದಾದರೆ ನಾನು ಬೇಡ ಅಂತೀನಿ. ಹದಿನೈದು ವರ್ಷದ ಹಿಂದಿನ ಅಗ್ಗದ ಆಲ್ಟೊದಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯೋ ಎಬಿಎಸ್ ಇಲ್ಲ. ಪಕ್ಕದಲ್ಲಿ ಹದಿನಾಲ್ಕು ಚಕ್ರದ ಲಾರಿ ಹೋದಾಗ ಗಾಡಿ ಒಂದು ಗೇಣು ಸರಿಯುತ್ತಲ್ಲ, ಓಡಿಸಿದವರಿಗೆಲ್ಲ ಗೊತ್ತು ಅದು.

2019ರ ಗೆರೆ

ಬೇರೆ ಗಾಡಿ ತರೋದೇ ಖಾತ್ರಿಯಾದರೆ ಮಾಡೆಲ್ ಹೆಸರಿಗಿಂತ ಮೊದಲು ವರ್ಷ ನೋಡಿ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾಯಿತು. ಅದೇ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್, ಹಿಂದೆ ಪಾರ್ಕಿಂಗ್ ಸೆನ್ಸರ್, ಬೆಲ್ಟ್ ಹಾಕದಿದ್ದರೆ ಕೂಗೋ ಗಂಟೆ, ವೇಗ ಮೀರಿದರೆ ಎಚ್ಚರಿಸೋ ಸದ್ದು. ಪಕ್ಕದ ಸೀಟಿನ ಏರ್‌ಬ್ಯಾಗ್ 2022ರ ಜನವರಿಯಿಂದ ಎಲ್ಲ ಮಾಡೆಲ್‌ಗಳಿಗೂ ಬಂತು. ಅಂದರೆ 2018ರ ಬೇಸ್ ಮಾಡೆಲ್‌ಗೂ 2020ರ ಬೇಸ್ ಮಾಡೆಲ್‌ಗೂ ಬೆಲೆಯಲ್ಲಿ ನಲವತ್ತು-ಐವತ್ತು ಸಾವಿರ ವ್ಯತ್ಯಾಸ ಕಂಡರೂ ಗಾಡಿಯಲ್ಲಿ ಇರೋ ವ್ಯತ್ಯಾಸ ಅದಕ್ಕಿಂತ ದೊಡ್ಡದು. ನೋಂದಣಿ ದಿನಾಂಕ ನಂಬಬೇಡಿ, ಆರ್‌ಸಿಯಲ್ಲಿ ತಯಾರಾದ ತಿಂಗಳು ಬೇರೆಯಾಗಿ ಬರೆದಿರುತ್ತೆ. ಷೋರೂಂನಲ್ಲಿ ಆರು ತಿಂಗಳು ನಿಂತು ಆಮೇಲೆ ನೋಂದಣಿಯಾದ ಗಾಡಿಗಳು ಬೇಕಾದಷ್ಟಿವೆ.

2020ರ ಏಪ್ರಿಲ್ ನಂತರದ್ದಾದರೆ ಹೊಗೆ ನಿಯಂತ್ರಣದ ಹೊಸ ಮಾನದಂಡ ಬಿಎಸ್ 6 ಕೂಡ ಆಯಿತು. ನನ್ನ ಮಟ್ಟಿಗೆ, ಹಳೇ ಅಗ್ಗದ ಕಾರು ಬಿಟ್ಟು ಬರೋರಿಗೆ ಸರಿಯಾದ ಜಾಗ 2020-21ರ ಗಾಡಿ. ಯಾಕೆ ಎರಡು ವರ್ಷದ ಗಾಡಿ ಅಲ್ಲ? 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿದ್ದ ಸೆಸ್ ಕೂಡ ಹೋಯಿತು. ಆಗ ಆಲ್ಟೊ ಕೆ10 ಷೋರೂಂ ಬೆಲೆ 3.70 ಲಕ್ಷದಿಂದ, ವ್ಯಾಗನ್ ಆರ್ 4.99 ಲಕ್ಷದಿಂದ, ಟಾಟಾ ಟಿಯಾಗೊ 4.57 ಲಕ್ಷದಿಂದ ಶುರುವಾಯಿತು. ಎರಡು ವರ್ಷ ಓಡಿಸಿದ ವ್ಯಾಗನ್ ಆರ್ ಮಾರೋನು ಇನ್ನೂ ತಾನು ಕೊಟ್ಟ ಹಳೇ ರೇಟನ್ನೇ ತಲೆಯಲ್ಲಿಟ್ಟುಕೊಂಡು ಬೆಲೆ ಹೇಳ್ತಾನೆ. ಹೊಸದಕ್ಕೂ ಅದಕ್ಕೂ ಅಂತರ ಲಕ್ಷದೊಳಗಿದ್ದರೆ ಆ ವ್ಯಾಪಾರ ಬೇಡ. ಐದಾರು ವರ್ಷದ ಗಾಡಿಯಲ್ಲಿ ಇಳಿಯಬೇಕಾದ ಬೆಲೆಯೆಲ್ಲ ಆಗಲೇ ಇಳಿದಿರುತ್ತೆ, ಚೌಕಾಶಿಗೂ ಜಾಗ ಇರುತ್ತೆ.

ಯಾರಿಗೆ ಯಾವುದು

ಮನೆಯಲ್ಲಿ ಮಂಡಿನೋವಿನ ಅಮ್ಮ ಇದ್ದರೆ, ಪೇಟ ಕಟ್ಟೋ ಅಜ್ಜ ಇದ್ದರೆ ವ್ಯಾಗನ್ ಆರ್‌ಗೆ ಸಾಟಿಯಿಲ್ಲ. ಬಗ್ಗಿ ಇಳಿಯೋ ಹಂಗಿಲ್ಲ, ಕುರ್ಚಿಯಿಂದ ಎದ್ದ ಹಾಗೆ ಎದ್ದು ಬರಬಹುದು. ಆಲ್ಟೊ ರಿಪೇರಿ ಮಾಡಿದ ಮೆಕ್ಯಾನಿಕ್ಕೇ ಇದನ್ನೂ ನೋಡ್ತಾನೆ. 998 ಸಿಸಿ ಎಂಜಿನ್ ಊರಿಗೆ ಧಾರಾಳ ಸಾಕು. ಎರಡು ಕೊರತೆ ಇದೆ, ಎರಡೂ ಹೈವೇ ಮೇಲೆ ಕಾಣೋದು. ಕಾರು ಗುದ್ದಿಸಿ ಸುರಕ್ಷತೆ ಅಳೆಯೋ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್‌ನ 2023ರ ಪರೀಕ್ಷೆಯಲ್ಲಿ ಇದಕ್ಕೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಐದಕ್ಕೆ ಒಂದೇ ಸ್ಟಾರ್. ಇನ್ನೊಂದು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ; ಆಷಾಢದಲ್ಲಿ ದುರ್ಗದಿಂದ ಹಿರಿಯೂರು ಕಡೆ ನೂರರ ವೇಗದಲ್ಲಿ ಹೋದರೆ ಎತ್ತರದ, ಹಗುರ ಗಾಡಿ ಸ್ಟಿಯರಿಂಗ್ ಬಿಗಿ ಹಿಡಿಸುತ್ತೆ. ಎಂಬತ್ತಕ್ಕೆ ಇಳಿಸಿದರೆ ತೊಂದರೆಯಿಲ್ಲ.

ಹೈವೇ ಓಡಾಟ ಜಾಸ್ತಿ ಇರೋರಿಗೆ ನಾನು ಟಿಯಾಗೊ ಹೇಳೋದು. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಾಲ್ಕು ಸ್ಟಾರ್ ಕೊಟ್ಟ ಗಾಡಿ. ತೂಕ ಇದೆ, ಬಾಗಿಲು ಹಾಕಿದಾಗಲೇ ಅದು ಗೊತ್ತಾಗುತ್ತೆ, ಲಾರಿ ಪಕ್ಕ ಅಲುಗೋದಿಲ್ಲ. ಮೂರು ಸಿಲಿಂಡರ್ ಎಂಜಿನ್ ನಿಂತಾಗ ಸ್ವಲ್ಪ ನಡುಗುತ್ತೆ, ಕ್ಲಚ್ ಮಾರುತಿಯಷ್ಟು ಹಗುರ ಇಲ್ಲ, ಊರೊಳಗೆ ಮೈಲೇಜು ಒಂದೆರಡು ಕಿಲೋಮೀಟರ್ ಕಡಿಮೆ. 1199 ಸಿಸಿ ಆದ್ದರಿಂದ ಥರ್ಡ್ ಪಾರ್ಟಿ ವಿಮೆ 3,416 ರೂಪಾಯಿ ಗುಂಪಿಗೆ ಹೋಗುತ್ತೆ. ಮರುಮಾರಾಟದಲ್ಲಿ ವ್ಯಾಗನ್ ಆರ್‌ಗಿಂತ ಬೇಗ ಬೆಲೆ ಬೀಳುತ್ತೆ ಅಂತ ಮಾರೋರು ಗೊಣಗ್ತಾರೆ. ಕೊಳ್ಳೋರಿಗೆ ಅದೇ ಅನುಕೂಲ.

ಆಲ್ಟೊ ಬಿಟ್ಟು ಆಲ್ಟೊನೇ ಬೇಕು ಅನ್ನೋರು ಇದ್ದಾರೆ. ಚೌಕಿಪೇಟೆಯಲ್ಲಿ ಅಂಗಡಿ, ಅಲ್ಲೇ ಪಾರ್ಕಿಂಗ್ ಆಗಬೇಕು ಅಂದರೆ ಅವರ ಮಾತು ನಿಜ. ಅಂಥವರು 2025ರ ಮಾರ್ಚ್ ನಂತರದ ಕೆ10 ನೋಡಬಹುದು, ಆಗಿನಿಂದ ಎಲ್ಲ ವೇರಿಯಂಟ್‌ನಲ್ಲೂ ಆರು ಏರ್‌ಬ್ಯಾಗ್ ಇದೆ.

ಬಿಟ್ಟು ಹೋದ ಕಂಪನಿಗಳ ಗಾಡಿ ಅಗ್ಗ ಅಂತ ಕಣ್ಣು ಹೋಗುತ್ತೆ. ಷೆವ್ರೊಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ಬಿಡೋದಾಗಿ ಹೇಳಿತು, ಡಟ್ಸನ್ 2022ರಲ್ಲಿ ಹೋಯಿತು. ಫೋರ್ಡ್‌ನ ಫಿಗೊ ಒಳ್ಳೇ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಡ್‌ಲೈಟ್ ಒಡೆದರೆ ಬೆಂಗಳೂರಿನಿಂದ ತರಿಸಿ, ವಾರ ಗ್ಯಾರೇಜಲ್ಲಿ ನಿಲ್ಲಿಸೋ ತಾಳ್ಮೆ ಇರಬೇಕು. ಮನೆಯಲ್ಲಿ ಇದೊಂದೇ ಗಾಡಿ ಅನ್ನೋರು ಆ ಆಸೆ ಬಿಡಿ. ಡಟ್ಸನ್‌ನ ರೆಡಿ-ಗೊ ಸ್ವಲ್ಪ ವಾಸಿ, ಎಂಜಿನ್ ರೆನೊ ಕ್ವಿಡ್‌ನದೇ.

ಹಳೇ ಡೀಸೆಲ್ ಸ್ವಿಫ್ಟ್ ಬಗ್ಗೆ ನಮ್ಮ ಕಡೆ ಭಾರೀ ಮೋಹ. ಫಿಯಟ್ ಮೂಲದ ಆ 1248 ಸಿಸಿ ಎಂಜಿನ್ ಗಟ್ಟಿಮುಟ್ಟು ನಿಜ. ಆದರೆ ಮಾರುತಿ 2020ರಲ್ಲೇ ಡೀಸೆಲ್ ನಿಲ್ಲಿಸಿದ್ದರಿಂದ ಸಿಗೋದೆಲ್ಲ ಈಗ ಹಳತು, ಓಡಿದ್ದೂ ಲಕ್ಷದ ಮೇಲೆ. ಟರ್ಬೊ, ಇಂಜೆಕ್ಟರ್, ಕ್ಲಚ್ ಸರದಿಯಲ್ಲಿ ಬಂದರೆ ಉಳಿಸಿದ ಡೀಸೆಲ್ ದುಡ್ಡು ಗ್ಯಾರೇಜಿಗೆ. ವರ್ಷಕ್ಕೆ 20 ಸಾವಿರ ಕಿ.ಮೀ. ದಾಟದವರು ನೋಡಲೇಬೇಡಿ. ದೆಹಲಿ ನೋಂದಣಿಯ ಡೀಸೆಲ್ ಗಾಡಿ ಅರ್ಧ ಬೆಲೆಗೆ ಅಂತ ಬಂದರೆ ಇನ್ನೂ ದೂರ ಇರಿ. ಅಲ್ಲಿ ಹತ್ತು ವರ್ಷದ ಡೀಸೆಲ್‌ಗೆ ನಿರ್ಬಂಧ ಬಂದದ್ದರಿಂದ ಅವು ಈ ಕಡೆ ಹರಿದು ಬರ್ತಾವೆ. ಅಲ್ಲಿನ ಆರ್‌ಟಿಒ ಕೊಡೋ ನಿರಾಕ್ಷೇಪಣಾ ಪತ್ರ (ಎನ್‌ಒಸಿ), ಇಲ್ಲಿನ ತೆರಿಗೆ, ನಂಬರ್ ಬದಲಾವಣೆ ಮುಗಿಯೋ ಹೊತ್ತಿಗೆ ಅಗ್ಗ ಅನ್ನೋದು ಉಳಿದಿರಲ್ಲ. ಕೆಎ-17 ಇಲ್ಲ ಕೆಎ-16 ಗಾಡಿಗೆ ಇನ್ನೊಂದು ಲಾಭ ಇದೆ, ಮಾಲೀಕ ಯಾರು, ಎಲ್ಲಿ ಗುದ್ದಿದ್ದ, ಎಲ್ಲಿ ಸರ್ವೀಸ್ ಮಾಡಿಸಿದ ಅನ್ನೋದು ಎರಡು ಫೋನಿಗೆ ಗೊತ್ತಾಗಿಬಿಡುತ್ತೆ. ಕರಾವಳಿ ನಂಬರ್ ಇದ್ದರೆ ಮಾತ್ರ ಕೆಳಗೆ ಮಲಗಿ ತುಕ್ಕು ನೋಡಿ.

ಸಿಎನ್‌ಜಿ ಲೆಕ್ಕ

ಇಲ್ಲಿ ಕಾಗದ ಪೆನ್ನು ಬೇಕು. ಪೆಟ್ರೋಲ್ ಲೀಟರಿಗೆ ನೂರು, ಸಿಎನ್‌ಜಿ ಕಿಲೋಗೆ ತೊಂಬತ್ತು ಅಂತ ಇಟ್ಕೊಳ್ಳೋಣ. ಪೆಟ್ರೋಲ್ ಗಾಡಿ ಲೀಟರಿಗೆ 20, ಗ್ಯಾಸ್ ಗಾಡಿ ಕಿಲೋಗೆ 26 ಕಿ.ಮೀ. ಕೊಡುತ್ತೆ ಅನ್ನಿ, ಕಂಪನಿ ಹೇಳೋ 34 ನಮ್ಮ ರಸ್ತೆಗೆ ಬೇಡ. ವರ್ಷಕ್ಕೆ 6,000 ಕಿ.ಮೀ. ಓಡಿಸಿದರೆ ಪೆಟ್ರೋಲ್ ಖರ್ಚು 30,000, ಗ್ಯಾಸ್ ಖರ್ಚು ಸುಮಾರು 20,800. ಉಳಿಯೋದು ಒಂಬತ್ತು ಸಾವಿರ. ಗ್ಯಾಸ್ ಗಾಡಿಗೆ ಮೊದಲೇ ತೊಂಬತ್ತು ಸಾವಿರದ ಹತ್ತಿರ ಜಾಸ್ತಿ ಕೊಟ್ಟಿರ್ತೀರಿ, ಅದು ವಾಪಸ್ ಬರೋಕೆ ಹತ್ತು ವರ್ಷ. ಅದೇ ಚನ್ನಗಿರಿಯಿಂದ ದಿನಾ ದಾವಣಗೆರೆಗೆ ಓಡಾಡಿ ವರ್ಷಕ್ಕೆ 20,000 ದಾಟಿಸೋರಿಗೆ ಮೂವತ್ತು ಸಾವಿರ ಉಳಿತಾಯ, ಮೂರು ವರ್ಷದಲ್ಲಿ ಸಮ. ಅವರು ಕಣ್ಣು ಮುಚ್ಚಿ ತಗೊಳ್ಳಬಹುದು.

ಸಿಲಿಂಡರ್ ಕೂತರೆ ಡಿಕ್ಕಿಯ ಜಾಗ ಹೋಗುತ್ತೆ ಅನ್ನೋದು ನೆನಪಿರಲಿ. ಮದುವೆ ಮನೆಗೆ ಐದು ಜನ ಹೊರಟು ಬ್ಯಾಗೆಲ್ಲ ತೊಡೆ ಮೇಲೆ ಇಟ್ಟುಕೊಂಡು ಹೋಗೋ ಗಾಡಿ ಯಾರದು ಅಂತ ನೋಡಿದರೆ ಗ್ಯಾಸ್ ಗಾಡಿಯೇ. 2023ರ ನಂತರದ ಟಿಯಾಗೊದಲ್ಲಿ ಎರಡು ಸಣ್ಣ ಸಿಲಿಂಡರ್ ಕೆಳಗೆ ಕೂರಿಸಿರೋದರಿಂದ ಅಲ್ಲಿ ಸ್ವಲ್ಪ ಜಾಗ ಉಳಿದಿದೆ. ಹೊರಗೆ ಹಾಕಿಸಿದ ಕಿಟ್ ಇರೋ ಹಳೇ ಗಾಡಿ ಆದರೆ ಆರ್‌ಸಿಯಲ್ಲಿ ಇಂಧನದ ಜಾಗದಲ್ಲಿ ಸಿಎನ್‌ಜಿ ಅಂತ ಬರೆದಿದೆಯಾ, ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಆಗಬೇಕಾದ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಕೊಟ್ಟು ಮಾಡೋ ಪರೀಕ್ಷೆ) ಆಗಿದೆಯಾ ನೋಡಿ. ಇಲ್ಲ ಅಂದರೆ ವಿಮೆಯವರ ಮುಂದೆ ನಿಮ್ಮ ಮಾತು ನಡೆಯಲ್ಲ.

ಮೇಲಿನ ಲೆಕ್ಕದಲ್ಲೇ ಇನ್ನೊಂದು ಸತ್ಯ ಇದೆ. ಲೀಟರಿಗೆ 16 ಕೊಡೋ ಹಳೇ ಆಲ್ಟೊ 6,000 ಕಿ.ಮೀ.ಗೆ ಕುಡಿಯೋದು 37,500ರ ಪೆಟ್ರೋಲ್. 20 ಕೊಡೋ ಹೊಸದಕ್ಕೂ ಅದಕ್ಕೂ ವ್ಯತ್ಯಾಸ ವರ್ಷಕ್ಕೆ ಏಳೂವರೆ ಸಾವಿರ. ಮೈಲೇಜಿಗೋಸ್ಕರ ಗಾಡಿ ಬದಲಿಸ್ತೀನಿ ಅನ್ನೋರು ಇದನ್ನು ಸಾಲದ ಕಂತಿನ ಪಕ್ಕ ಬರೆದು ನೋಡಲಿ.

ಹೊಸದು, ಸಾಲ, ಕರೆಂಟು

ಬೇಸ್ ವ್ಯಾಗನ್ ಆರ್‌ಗೆ ರಾಜ್ಯದ ತೆರಿಗೆ ಶೇ 13, ಅದರ ಮೇಲೆ ಸೆಸ್, ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಎಲ್ಲ ಸೇರಿ ರಸ್ತೆಗೆ ಇಳಿಯೋ ಹೊತ್ತಿಗೆ ಆರು ಲಕ್ಷದ ಹತ್ತಿರ. ಒಂದು ಲಕ್ಷ ಕೈಯಿಂದ ಹಾಕಿ ಐದು ಲಕ್ಷ ಸಾಲ, ಶೇ 9 ಬಡ್ಡಿ, ಐದು ವರ್ಷ ಅಂದರೆ ತಿಂಗಳಿಗೆ 10,379. ಬಡ್ಡಿಯೇ 1.23 ಲಕ್ಷ. ಸೆಕೆಂಡ್ ಹ್ಯಾಂಡ್ ಸಾಲದ ಬಡ್ಡಿ ಯಾವಾಗಲೂ ಮೇಲೆ. ಮೂರು ಲಕ್ಷಕ್ಕೆ ಶೇ 14ರಂತೆ ನಾಲ್ಕು ವರ್ಷ ಆದರೆ ತಿಂಗಳಿಗೆ 8,200, ಬಡ್ಡಿ ತೊಂಬತ್ತು ಸಾವಿರ ದಾಟುತ್ತೆ. ಅಂದರೆ ಅರ್ಧಕ್ಕಿಂತ ಜಾಸ್ತಿ ಸಾಲ ಮಾಡಬೇಕಾದವರಿಗೆ ಸೆಕೆಂಡ್ ಹ್ಯಾಂಡ್ ಅಗ್ಗ ಅನ್ನೋದು ಅರ್ಧ ಸುಳ್ಳು. ಕೈಯಲ್ಲಿ ರೊಕ್ಕ ಇದ್ದರೆ ಐದು ವರ್ಷದ ಹಳೇ ಗಾಡಿ, ಸಾಲವೇ ಗತಿ ಆದರೆ ಹೊಸ ಸಣ್ಣ ಗಾಡಿ, ಇದು ನನ್ನ ಅಭಿಪ್ರಾಯ. ಅಡಿಕೆ ದುಡ್ಡು ಬರೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು.

ಎಲೆಕ್ಟ್ರಿಕ್: ಸ್ವಂತ ಮನೆ, ಕಾಂಪೌಂಡಿನೊಳಗೆ 15 ಆಂಪಿಯರ್ ಪ್ಲಗ್ಗು, ದಿನಕ್ಕೆ ಐವತ್ತು ಕಿ.ಮೀ. ಒಳಗೆ ಓಡಾಟ ಇದ್ದರೆ ಚೆನ್ನ. ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿರೋರಿಗೆ ಅಲ್ಲ.

ನೋಡೋಕೆ ಹೋದಾಗ

ಗಾಡಿ ಬೆಳಿಗ್ಗೆಯೇ ನೋಡಬೇಕು, ಎಂಜಿನ್ ತಣ್ಣಗಿರುವಾಗ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನಿಮಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿದ್ದಾರೆ, ಯಾಕೆ ಅಂತ ಕೇಳಿ. ಅನುಭವಸ್ಥ ಮೆಕ್ಯಾನಿಕ್ ಬಾನೆಟ್ ಎತ್ತಿದರೆ ಮೊದಲು ಎಂಜಿನ್ ನೋಡಲ್ಲ, ಫೆಂಡರ್ ಹಿಡಿದಿರೋ ಬೋಲ್ಟುಗಳ ತಲೆ ನೋಡ್ತಾನೆ. ಕಂಪನಿ ಪೇಂಟ್ ಒಡೆದಿದ್ದರೆ ಸ್ಪ್ಯಾನರ್ ಬಿದ್ದಿದೆ ಅಂತ ಲೆಕ್ಕ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದರೆ ಒಳಗೆ ಸಾಲಾಗಿ ಗುಂಡಗಿನ ವೆಲ್ಡಿಂಗ್ ಗುಳಿ ಕಾಣಬೇಕು. ಗುಳಿ ಇಲ್ಲದೆ ನುಣ್ಣಗೆ ಇದ್ದರೆ ಅಲ್ಲಿ ಪುಟ್ಟಿ ಕೂತಿದೆ. ಸೀಟ್ ಬೆಲ್ಟನ್ನು ತುದಿವರೆಗೂ ಎಳೆದು ನೋಡಿ, ಮಣ್ಣಿನ ಕಲೆ ಇದ್ದರೆ ಗಾಡಿ ನೀರಲ್ಲಿ ಮುಳುಗಿದ್ದು. ನಾಲ್ಕೂ ಗಾಜಿನ ಮೇಲೆ ವರ್ಷದ ಗುರುತು ಒಂದೇ ಇರಬೇಕು. ಟೈರ್ ಪಕ್ಕದಲ್ಲಿ 3521 ಅಂತ ಇದ್ದರೆ 2021ರ 35ನೇ ವಾರದ್ದು. ಮೀಟರ್ ಇಪ್ಪತ್ತೈದು ಸಾವಿರ ತೋರಿಸಿ ಟೈರ್ ಆಗಲೇ ಬದಲಾಗಿದ್ದರೆ ಮೀಟರ್ ಹಿಂದಕ್ಕೆ ತಿರುಗಿಸಿರಬಹುದು.

"ಡಾಕ್ಟ್ರು ಓಡ್ಸಿದ್ದ ಗಾಡಿ ಸಾರ್, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ" ಅನ್ನೋ ಮಾತು ಬಂದರೆ ತಲೆಯಾಡಿಸಿ ಸರ್ವೀಸ್ ದಾಖಲೆ ಕೇಳಿ. ದಾವಣಗೆರೆಯಲ್ಲಿ ಮಾರೋ ಅಷ್ಟೂ ಗಾಡಿ ಡಾಕ್ಟರದ್ದೇ ಆಗಿದ್ದರೆ ಊರಲ್ಲಿ ಯಾರಿಗೂ ಕಾಯಿಲೆ ಇರ್ತಿರಲಿಲ್ಲ.

ಓಡಿಸಿ ನೋಡೋಕೆ ಊರೊಳಗಿನ ಪಿ.ಬಿ. ರೋಡ್ ಸಾಲದು. ಹೈವೇಗೆ ಹತ್ತಿ ಎಂಬತ್ತರಲ್ಲಿ ಸ್ಟಿಯರಿಂಗ್ ನಡುಗುತ್ತಾ, ಬ್ರೇಕ್ ಹಾಕಿದರೆ ಒಂದು ಕಡೆ ಎಳೆಯುತ್ತಾ ನೋಡಿ. ದುರ್ಗದವರಿಗೆ ಜೋಗಿಮಟ್ಟಿ ಏರು ಇದೆ, ಕ್ಲಚ್ ಜಾರ್ತಾ ಇದ್ದರೆ ಅಲ್ಲಿ ಮುಚ್ಚಿಡೋಕೆ ಆಗಲ್ಲ. ನಮ್ಮ ಬೇಸಿಗೆಗೆ ಎಸಿ ಪರೀಕ್ಷೆ ಮಧ್ಯಾಹ್ನವೇ ಆಗಬೇಕು, ಅದಕ್ಕೆ ಇನ್ನೊಂದು ಸಲ ಹೋದರೂ ನಷ್ಟವಿಲ್ಲ.

ಹಳೇ ಗಾಡಿ ಕೈದಾಟಿಸೋದು

ಹಳೇ ಆಲ್ಟೊ ಷೋರೂಂ ಎಕ್ಸ್‌ಚೇಂಜ್‌ಗೆ ಕೊಟ್ಟರೆ ದುಡ್ಡು ಕಡಿಮೆ, ತಲೆನೋವೂ ಕಡಿಮೆ. ನೇರ ಮಾರಿದರೆ ಹತ್ತಿಪ್ಪತ್ತು ಸಾವಿರ ಜಾಸ್ತಿ ಸಿಗಬಹುದು, ಜೊತೆಗೆ ಜವಾಬ್ದಾರಿ ಕುತ್ತಿಗೆಗೆ ಬೀಳುತ್ತೆ. "ಅಣ್ಣ, ಹೆಸರು ಬದಲಾವಣೆ ಫಾರಂ 29, 30ಕ್ಕೆ ಸಹಿ ಹಾಕಿ ಕೊಡಿ, ಟ್ರಾನ್ಸ್‌ಫರ್ ನಾನು ಆಮೇಲೆ ಮಾಡಿಸ್ಕೊತೀನಿ" ಅನ್ನೋ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಆರ್‌ಸಿಯಲ್ಲಿ ನಿಮ್ಮ ಹೆಸರು ಇರೋವರೆಗೆ ಅವನು ಗುದ್ದಿದರೆ ಪರಿಹಾರದ ನೋಟಿಸು ನಿಮ್ಮ ಮನೆಗೆ ಬರುತ್ತೆ. ದಾಖಲೆಯಲ್ಲಿ ಹೆಸರಿರೋನೇ ಮಾಲೀಕ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾನೂನು ಪ್ರಕಾರ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹತ್ತು ಸಾವಿರ ಹಿಡಿದಿಟ್ಟುಕೊಂಡು, ಹೆಸರು ಬದಲಾದ ಮೇಲೆ ಕೊಡ್ತೀನಿ ಅನ್ನಿ. ಒಪ್ಪದವನಿಗೆ ಮಾರಬೇಡಿ. ಡೀಲರ್‌ಗೆ ಕೊಡೋದಾದರೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರೋ ನಿಯಮದಂತೆ ಆರ್‌ಟಿಒ ಅಧಿಕಾರ ಪತ್ರ ಇದೆಯಾ ಕೇಳಿ. ಇದ್ದು, ಗಾಡಿ ಕೊಟ್ಟ ಮಾಹಿತಿ ಪೋರ್ಟಲ್‌ನಲ್ಲಿ ದಾಖಲಾದರೆ ಅಲ್ಲಿಂದ ಮುಂದಿನ ಜವಾಬ್ದಾರಿ ಅವರದ್ದು.

ಯಾರೂ ಕೊಳ್ಳದ ಸ್ಥಿತಿಗೆ ಬಂದಿದ್ದರೆ ಗುಜರಿಗೆ ಹಾಗೇ ಕೊಡಬೇಡಿ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ ತಗೊಂಡು ಆರ್‌ಸಿ ರದ್ದು ಮಾಡಿಸಿ.

ಜನ ಮರೆಯೋದು ಎರಡು. ಕ್ಲೇಮ್ ಮಾಡದೆ ಉಳಿಸಿಕೊಂಡ ನೋ ಕ್ಲೇಮ್ ಬೋನಸ್, ಐದು ವರ್ಷಕ್ಕೆ ಶೇ 50 ಆಗಿರುತ್ತಲ್ಲ, ಅದು ಗಾಡಿಯದ್ದಲ್ಲ, ನಿಮ್ಮದು. ವಿಮಾ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಮುಂದಿನ ಕಾರಿಗೆ ಹಚ್ಚಬಹುದು. ನಿಮ್ಮ ಗಾಡಿಗಾಗೋ ನಷ್ಟದ (ಓನ್ ಡ್ಯಾಮೇಜ್) ಪ್ರೀಮಿಯಂ ಅರ್ಧಕ್ಕೆ ಇಳಿಯುತ್ತೆ. ಇನ್ನೊಂದು ಫಾಸ್ಟ್ಯಾಗ್. ಗಾಜಿನಿಂದ ಕಿತ್ತು ಬ್ಯಾಂಕಿಗೆ ಹೇಳಿ ಮುಚ್ಚಿಸದಿದ್ದರೆ ಹೊಸ ಮಾಲೀಕ ಬೆಂಗಳೂರಿಗೆ ಹೋದಾಗಲೆಲ್ಲ ಹೆಬ್ಬಾಳು ಟೋಲ್‌ನದ್ದೂ ಗುಯಿಲಾಳು ಟೋಲ್‌ನದ್ದೂ ಮೆಸೇಜು ನಿಮ್ಮ ಫೋನಿಗೇ ಬರುತ್ತೆ, ದುಡ್ಡೂ ನಿಮ್ಮದೇ ಹೋಗುತ್ತೆ.